ಅರವತ್ತು ಮಂದಿಗೆ ಹದಿನಾರು ತಾಟು: ತಂತ್ರಾಂಶ ಹಂಚಿಕೊಳ್ಳುವ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಒಂದು ಸಂಜೆ ಧಾರವಾಡದಲ್ಲಿ ಅಡ್ಡಮಳೆ ಹೊಡೆದು ನಿಂತಿತ್ತು. ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ, ಜೊತೆಗೆ ಅವಳ ತಂದೆ. ಅವರು ನವಲಗುಂದದ ಕಡೆಯ ರೈತರು. ಎರೆಹೊಲದಲ್ಲಿ ಹತ್ತಿ, ಕಡಲೆ ಬೆಳೆದು ಮಗಳನ್ನು ಇಂಜಿನಿಯರಿಂಗ್ ಓದಿಸುತ್ತಿದ್ದರು. ಚಹಾ ಕುಡಿಯುವವರೆಗೂ ಸುಮ್ಮನಿದ್ದವರು ಆಮೇಲೆ ಬಾಯಿ ಬಿಟ್ಟರು.

“ಗುರುಗಳ, ಒಂದು ಮಾತು ಕೇಳೂಣಂತ ಬಂದೇವ್ರಿ. ಕಾಲೇಜಿನ್ಯಾಗ ಕಂಪ್ಯೂಟರ್ ಅದಾವು, ಕರೆಂಟೂ ಐತಿ. ಆದ್ರ ಅದು ಇಕಿನ್ನ ಒಳಗ ಬಿಟ್ಕೊಳ್ಳವಲ್ದಂತ. ಅಂಗಡ್ಯಾಗ ಒಬ್ಬಾಂವ ಮುನ್ನೂರು ರೂಪಾಯಿ ಕೊಡ್ರಿ, ಅದನ್ನ ಮನೀ ಕಂಪ್ಯೂಟರಿಗೇ ಹಾಕ್ಕೊಡ್ತೀನಿ ಅಂತಾನ. ಹಾಕಿಸಲೇನ್ರಿ?”

ನಾನು ಹುಡುಗಿಯ ಮುಖ ನೋಡಿದೆ. “ಏನಾತು ತಂಗಿ?” ಎಂದೆ.

“ಸರ್, ಮೂರು ದಿನದಿಂದ ಲ್ಯಾಬಿನ್ಯಾಗ ಕುಂತೇನ್ರಿ. ಡ್ರಾಯಿಂಗ್ ಮಾಡೂ ಸಾಫ್ಟ್‌ವೇರ್ ತೆಗೆದ್ರ, ಎಲ್ಲಾ ಲೈಸೆನ್ಸ್ ಬಳಕೆಯೊಳಗ ಅದಾವು, ಆಮ್ಯಾಲೆ ಪ್ರಯತ್ನ ಮಾಡ್ರಿ ಅಂತ ಬರತೈತಿ. ಪ್ರಾಜೆಕ್ಟ್ ಕೊಡಾಕ ಇನ್ನ ಹನ್ನೊಂದು ದಿನ ಅಷ್ಟ ಉಳದಾವ್ರಿ.”

ನಕಲು ಮಾಡಬೇಡಿ ಎಂದು ಆ ಹುಡುಗಿಗೆ ಹತ್ತನೆಯ ತರಗತಿಯಲ್ಲಿ ಪಾಠ ಹೇಳಿದವನು ನಾನೇ. ಆದರೂ ‘ಹಾಕಿಸಬೇಡಿ’ ಎಂಬ ಮಾತು ಆ ಸಂಜೆ ನನ್ನ ಬಾಯಿಂದ ಥಟ್ಟನೆ ಬರಲಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಹುಡುಗಿಯ ತೊಂದರೆ ಏನೆಂಬುದನ್ನು ತಿಳಿಯೋಣ. ಇದು ಅವಳೊಬ್ಬಳ ತೊಂದರೆಯಲ್ಲ. ಹುಬ್ಬಳ್ಳಿ-ಧಾರವಾಡದಂಥ ವಿದ್ಯಾಕೇಂದ್ರದಲ್ಲಿ ಪ್ರತಿ ವರ್ಷ ನೂರಾರು ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತದೆ.

ಕೊಳ್ಳುವುದು ವಸ್ತುವನ್ನಲ್ಲ, ಅನುಮತಿಯನ್ನು

ನಾವು ಪೇಟೆಯಲ್ಲಿ ಒಂದು ಕೊಡ ಕೊಂಡರೆ ಅದು ನಮ್ಮದು. ನೆರೆಮನೆಯವರಿಗೆ ಕೊಡಬಹುದು, ಬೇಡವಾದರೆ ಮಾರಬಹುದು. ಆದರೆ ಕಂಪ್ಯೂಟರಿನ ತಂತ್ರಾಂಶ ಹಾಗಲ್ಲ. ಹಣ ಕೊಟ್ಟಾಗ ನಮಗೆ ಸಿಗುವುದು ಅದನ್ನು ಬಳಸುವ ಅನುಮತಿ ಮಾತ್ರ. ಆ ಅನುಮತಿಗೆ ಲೈಸೆನ್ಸ್ ಅಥವಾ ಪರವಾನಗಿ ಎಂದು ಹೆಸರು. ಎಷ್ಟು ಜನ, ಯಾವ ಯಂತ್ರದಲ್ಲಿ, ಎಷ್ಟು ಕಾಲ ಬಳಸಬಹುದು ಎಂಬುದೆಲ್ಲ ಅದರ ಕರಾರಿನಲ್ಲಿ ಬರೆದಿರುತ್ತದೆ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವಾಗ ಅದನ್ನು ಓದುವವರು ನಮ್ಮಲ್ಲಿ ಎಷ್ಟು ಜನ?

ಈ ಪರವಾನಗಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ನಮ್ಮೂರಿನವರಿಗೆ ತಿಳಿಯಲು ಖಾನಾವಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೊದಲನೆಯದು ಒಂದು ಯಂತ್ರಕ್ಕೆ ಕಟ್ಟಿದ ಪರವಾನಗಿ. ಖಾನಾವಳಿಯ ಒಂದು ಕುರ್ಚಿಯನ್ನು ನೆಲಕ್ಕೆ ಮೊಳೆ ಹೊಡೆದು ಕೂಡಿಸಿದ ಹಾಗೆ. ಯಾರು ಬೇಕಾದರೂ ಕೂಡಬಹುದು, ಕುರ್ಚಿ ಮಾತ್ರ ಕದಲುವಂತಿಲ್ಲ.

ಎರಡನೆಯದು ಒಬ್ಬ ವ್ಯಕ್ತಿಯ ಹೆಸರಿಗೆ ಬರೆದ ಪರವಾನಗಿ. ಇದು ತಿಂಗಳ ಮೆಂಬರ್ ಇದ್ದ ಹಾಗೆ. ಅವರು ಊರಿಗೆ ಹೋದ ದಿನವೂ ಅವರ ಊಟ ಮತ್ತೊಬ್ಬರಿಗೆ ಸಲ್ಲುವುದಿಲ್ಲ.

ಮೂರನೆಯದು ಹಂಚಿಕೆಯ ಪರವಾನಗಿ. ಖಾನಾವಳಿಯಲ್ಲಿ ಹದಿನಾರು ತಾಟುಗಳಿವೆ ಎಂದಿಟ್ಟುಕೊಳ್ಳಿ. ಅರವತ್ತು ಜನ ಬರಬಹುದು, ಆದರೆ ಒಂದೇ ಸಮಯಕ್ಕೆ ಹದಿನಾರು ಜನ ಮಾತ್ರ ಊಟಕ್ಕೆ ಕೂಡಬಹುದು. ಒಬ್ಬರು ಎದ್ದರೆ ಆ ತಾಟು ತೊಳೆದು ಇನ್ನೊಬ್ಬರ ಮುಂದೆ ಇಡುತ್ತಾರೆ. ನನ್ನ ವಿದ್ಯಾರ್ಥಿನಿಯ ಲ್ಯಾಬಿನಲ್ಲಿ ಇದ್ದದ್ದು ಈ ಬಗೆ: ಅಂತಿಮ ವರ್ಷದವರೇ ಅರವತ್ತು ಜನ, ಪರವಾನಗಿ ಹದಿನಾರು.

ನಾಲ್ಕನೆಯದು ಇಡೀ ಸಂಸ್ಥೆಗೆ ಒಟ್ಟಾಗಿ ಕೊಂಡದ್ದು. ಊರೂಟ ಇದ್ದಂತೆ, ತಲೆ ಎಣಿಸುವವರಿಲ್ಲ. ಆದರೆ ಮೊದಲು ಕೊಡುವ ಮೊತ್ತ ದೊಡ್ಡದು.

1990ರ ದಶಕದಲ್ಲಿ ಡಿಟಿಪಿ ಅಂಗಡಿಗಳನ್ನು ಕಂಡವರಿಗೆ ಐದನೆಯದೊಂದು ಬಗೆಯೂ ನೆನಪಿರಬಹುದು. ಆಗಿನ ಕೆಲವು ಕನ್ನಡ ಅಕ್ಷರ ಜೋಡಣೆಯ ತಂತ್ರಾಂಶಗಳ ಜೊತೆ ಬೆರಳುದ್ದದ ಒಂದು ‘ಲಾಕ್’ ಬರುತ್ತಿತ್ತು. ಪ್ರಿಂಟರಿನ ತಂತಿ ಸೇರುವ ಜಾಗದಲ್ಲಿ ಅದನ್ನು ಸಿಗಿಸದಿದ್ದರೆ ಕನ್ನಡ ಮೂಡುತ್ತಿರಲಿಲ್ಲ. ಲಗ್ನದ ಹಂಗಾಮಿನಲ್ಲಿ ಒಂದೇ ಲಾಕನ್ನು ಈ ಯಂತ್ರದಿಂದ ಕಿತ್ತು ಆ ಯಂತ್ರಕ್ಕೆ ಚುಚ್ಚುತ್ತಿದ್ದ ಹುಡುಗರು, ಹೆಸರು ತಿಳಿಯದೆಯೇ ಪರವಾನಗಿ ಹಂಚಿಕೆ ಮಾಡುತ್ತಿದ್ದರು! 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಉಚಿತವಾಗಿ ದೊರೆಯಿತು. ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯೂ ಉಚಿತವಾಗಿ ಬಂತು. ಕನ್ನಡ ಬರೆಯುವ ಮಟ್ಟಿಗೆ ಲಾಕಿನ ಕಾಟ ಬಹುಮಂದಿಗೆ ತಪ್ಪಿತು.

ತಾಟು ಎಣಿಸುವ ಯಜಮಾನ

ಹಂಚಿಕೆಯ ಪರವಾನಗಿಯಲ್ಲಿ ಲೆಕ್ಕ ಇಡುವವರು ಯಾರು? ಕಾಲೇಜಿನ ಜಾಲದಲ್ಲಿ ಒಂದು ಕಂಪ್ಯೂಟರ್ ಈ ಕೆಲಸಕ್ಕೆಂದೇ ಇರುತ್ತದೆ. ಅದನ್ನು ಲೈಸೆನ್ಸ್ ಸರ್ವರ್ ಎನ್ನುತ್ತಾರೆ. ವಿದ್ಯಾರ್ಥಿ ತನ್ನ ಯಂತ್ರದಲ್ಲಿ ತಂತ್ರಾಂಶ ತೆರೆದ ಕೂಡಲೇ ಆ ಯಂತ್ರ ಜಾಲದ ಮೂಲಕ ಸರ್ವರನ್ನು ಕೇಳುತ್ತದೆ: ‘ಒಂದು ತಾಟು ಖಾಲಿ ಇದೆಯೇ?’ ಸರ್ವರ್ ಎರಡು ವಿಷಯ ನೋಡುತ್ತದೆ. ಕೇಳಿದವರು ಅನುಮತಿ ಇರುವ ಗುಂಪಿನವರೇ? ಹೊರಗೆ ಹೋದ ಪರವಾನಗಿಗಳ ಸಂಖ್ಯೆ ಕೊಂಡ ಸಂಖ್ಯೆಗಿಂತ ಕಡಿಮೆ ಇದೆಯೇ? ಎರಡಕ್ಕೂ ಹೌದು ಎಂದಾದರೆ ಒಂದು ಚೀಟಿ ಕೊಟ್ಟ ಹಾಗೆ ಅನುಮತಿ ಕೊಟ್ಟು ದಫ್ತರದಲ್ಲಿ ಬರೆದುಕೊಳ್ಳುತ್ತದೆ. ತಂತ್ರಾಂಶ ಮುಚ್ಚಿದಾಗ ಚೀಟಿ ಮರಳಿ ಬರುತ್ತದೆ.

ನಡುವೆ ಕರೆಂಟು ಹೋಗಿ ಯಂತ್ರ ಆರಿತು ಎನ್ನಿ, ಆಗ? ಎರಡೂ ಯಂತ್ರಗಳು ಆಗಾಗ ‘ಇದ್ದೀಯಾ?’ ‘ಇದ್ದೇನೆ’ ಎಂದು ಮಾತಾಡಿಕೊಳ್ಳುತ್ತಿರುತ್ತವೆ. ಉತ್ತರ ಬಾರದಿದ್ದರೆ ಕೆಲ ಸಮಯ ಕಾದು ಸರ್ವರ್ ಆ ಚೀಟಿಯನ್ನು ತಾನೇ ವಾಪಸು ಪಡೆಯುತ್ತದೆ. ಸರ್ವರೇ ಕೆಟ್ಟರೆ ಇಡೀ ಲ್ಯಾಬ್ ನಿಲ್ಲುತ್ತದಲ್ಲ? ಅದಕ್ಕಾಗಿ ದೊಡ್ಡ ಸಂಸ್ಥೆಗಳು ಮೂರು ಸರ್ವರ್‌ಗಳನ್ನು ಒಟ್ಟಿಗೆ ಇಡುವುದುಂಟು. ಮೂರರಲ್ಲಿ ಎರಡು ಬದುಕಿದ್ದರೆ ಕೆಲಸ ಸಾಗುತ್ತದೆ.

1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಫ್ಲೆಕ್ಸ್‌ಎಲ್‌ಎಂ ಎಂಬ ವ್ಯವಸ್ಥೆ ಈ ಕ್ಷೇತ್ರದಲ್ಲಿ ಹೆಸರುವಾಸಿ. ಇಂಜಿನಿಯರಿಂಗಿನ ಎಷ್ಟೋ ತಂತ್ರಾಂಶಗಳು ಅದನ್ನೇ ನೆಚ್ಚಿವೆ. ಅದರಲ್ಲಿ ಪರವಾನಗಿಯ ಕಡತವನ್ನು ಸರ್ವರಿನ ಜಾಲದ ಕಾರ್ಡಿಗಿರುವ ಹನ್ನೆರಡು ಅಂಕಿ-ಅಕ್ಷರಗಳ ಗುರುತಿಗೆ ಕಟ್ಟುವುದು ರೂಢಿ. ಆದ್ದರಿಂದ ಆ ಕಡತವನ್ನು ಇನ್ನೊಂದು ಯಂತ್ರಕ್ಕೆ ನಕಲು ಮಾಡಿದರೆ ನಡೆಯದು. ಕಂಪನಿ ಕೊಟ್ಟ ಈ ಕಡತವನ್ನು ಕಾಲೇಜು ತಿದ್ದುವಂತಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಡತವನ್ನು ಕಾಲೇಜಿನವರೇ ಬರೆಯಬಹುದು. ಜಾಣತನವೆಲ್ಲ ಇರುವುದು ಅಲ್ಲಿಯೇ. ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸುವುದು, ಒಂದು ಗುಂಪಿಗೆ ಇಂತಿಷ್ಟು ಕಾಯ್ದಿರಿಸುವುದು, ಒಂದು ಗುಂಪು ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳದಂತೆ ಮಿತಿ ಹಾಕುವುದು, ಸುಮ್ಮನೆ ಹಿಡಿದು ಕೂತವರಿಂದ ನಿಗದಿತ ಸಮಯದ ನಂತರ ಬಿಡಿಸಿಕೊಳ್ಳುವುದು – ಈ ನಾಲ್ಕನ್ನೂ ನಾಲ್ಕು ಸಾಲಿನಲ್ಲಿ ಬರೆಯಬಹುದು.

ಲ್ಯಾಬಿನಲ್ಲಿ ಕಂಡದ್ದು

ಮರುದಿನ ಅಪ್ಪ, ಮಗಳ ಜೊತೆ ನಾನೂ ಕಾಲೇಜಿಗೆ ಹೋದೆ. ಲ್ಯಾಬಿನ ಮೇಲ್ವಿಚಾರಕರು ನನಗೆ ಹಳೆಯ ಪರಿಚಯ. ಸಂಭಾವಿತರು, ಆದರೆ ಒಬ್ಬರೇ ಮೂರು ಲ್ಯಾಬು ನೋಡಿಕೊಳ್ಳುತ್ತಿದ್ದರು. ಅವರು ಸರ್ವರಿನ ಪಟ್ಟಿ ತೆಗೆದು ತೋರಿಸಿದರು. ಹದಿನಾರರಲ್ಲಿ ಒಂದೂ ಖಾಲಿ ಇರಲಿಲ್ಲ.

“ನೋಡ್ರಿ ಸರ್, ನಾ ಏನು ಮಾಡ್ಲಿ? ಇನ್ನಷ್ಟು ಲೈಸೆನ್ಸ್ ಕೊಳ್ಳಾಕ ಬರದು ಕೊಟ್ಟೇನಿ. ದುಡ್ಡು ಇಲ್ಲ ಅಂತಾರ” ಎಂದರು.

ನಾವು ಪಟ್ಟಿ ಹಿಡಿದುಕೊಂಡು ಲ್ಯಾಬು ಸುತ್ತಿದೆವು. ಐದು ಯಂತ್ರಗಳಲ್ಲಿ ತಂತ್ರಾಂಶ ತೆರೆದಿತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಒಬ್ಬ ಹುಡುಗ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಮಧ್ಯಾಹ್ನದ ಊಟಕ್ಕೆ ಹಾಸ್ಟೆಲಿಗೆ ಹೋಗಿದ್ದ. ತೆರೆದಿಟ್ಟು ಹೋಗದಿದ್ದರೆ ಮತ್ತೆ ಸಿಗುವುದಿಲ್ಲ ಎಂಬ ಭಯ. ಇನ್ನು ನಾಲ್ಕು ಪರವಾನಗಿಗಳನ್ನು ಅಧ್ಯಾಪಕರ ಗುಂಪಿಗೆಂದು ಹಿಂದೆಂದೋ ಕಾಯ್ದಿರಿಸಿದ್ದರು. ಅಧ್ಯಾಪಕರೆಲ್ಲ ಆ ವಾರ ಮೌಲ್ಯಮಾಪನದಲ್ಲಿದ್ದರು, ಒಬ್ಬರೂ ಬಳಸುತ್ತಿರಲಿಲ್ಲ. ಕಾಯ್ದಿರಿಸಿದ ಪರವಾನಗಿಯ ಗುಣವೇ ಅದು. ಹೊರಗೆ ಎಷ್ಟು ಜನ ಕಾದರೂ ಆ ಗುಂಪಿನವರಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಲೆಕ್ಕ ಹಾಕಿದರೆ ಹದಿನಾರರಲ್ಲಿ ನಿಜವಾಗಿ ದುಡಿಯುತ್ತಿದ್ದವು ಏಳು.

ಇಷ್ಟನ್ನೂ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಆ ತಂದೆ ಅಂದರು: “ಅಂದ್ರ ಗುರುಗಳ, ತಾಟು ಇದ್ದೂ ಉಪಾಸ ಕುಂತಂಗಾತಲ್ರಿ.”

ನನಗೆ ನನ್ನ ಬಿ.ಎಸ್‌ಸಿ ದಿನಗಳು ನೆನಪಾದವು. ಗ್ರಂಥಾಲಯದಲ್ಲಿ ಭೌತಶಾಸ್ತ್ರದ ಒಂದು ದಪ್ಪ ಪುಸ್ತಕದ ಎರಡೇ ಪ್ರತಿಗಳಿದ್ದವು. ಪರೀಕ್ಷೆ ಬಂದಾಗ ಒಂದು ಪ್ರತಿ ಕಾಣೆ. ಯಾರೋ ಅದನ್ನು ಇತಿಹಾಸದ ಕಪಾಟಿನಲ್ಲಿ ಬಚ್ಚಿಟ್ಟಿರುತ್ತಿದ್ದರು, ಮರುದಿನ ತಮಗೇ ಸಿಗಲೆಂದು. ಪುಸ್ತಕ ಕದ್ದಿರಲಿಲ್ಲ, ಗ್ರಂಥಾಲಯದ ಹೊರಗೂ ಹೋಗಿರಲಿಲ್ಲ. ಆದರೂ ಉಳಿದವರ ಪಾಲಿಗೆ ಅದು ಇಲ್ಲವೇ ಇಲ್ಲ. ಕೊರತೆ ಹುಟ್ಟಿಸುವುದು ಬಡತನ ಒಂದೇ ಅಲ್ಲ, ಕೊರತೆಯ ಭಯವೂ ಹೌದು.

ಎಷ್ಟು ತಾಟು ಸಾಕು?

ಇಲ್ಲಿ ಒಂದು ಸೊಗಸಾದ ಗಣಿತವಿದೆ. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಕೆಲವು ಕಾಲ ಶಾಲಾ ಶಿಕ್ಷಕರಾಗಿದ್ದವರು. 1908ರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿ ಸೇರಿದರು. ಊರಿನ ಎಲ್ಲರೂ ಒಟ್ಟಿಗೆ ಫೋನ್ ಮಾಡುವುದಿಲ್ಲ, ಹಾಗಾದರೆ ಎಷ್ಟು ತಂತಿಗಳಿದ್ದರೆ ಸಾಕು ಎಂಬುದು ಅವರ ಮುಂದಿದ್ದ ಪ್ರಶ್ನೆ. 1917ರಲ್ಲಿ ಅವರು ಪ್ರಕಟಿಸಿದ ಸೂತ್ರವನ್ನು ಪರವಾನಗಿಗಳ ಲೆಕ್ಕಕ್ಕೂ ಹಚ್ಚಬಹುದು.

ಅರವತ್ತು ವಿದ್ಯಾರ್ಥಿಗಳು ಸರಾಸರಿ ಗಂಟೆಗೆ ಹತ್ತು ನಿಮಿಷ ತಂತ್ರಾಂಶ ಬಳಸುತ್ತಾರೆ ಎನ್ನಿ. ಒಟ್ಟು 600 ನಿಮಿಷ, ಅಂದರೆ ಯಾವುದೇ ಗಳಿಗೆಯಲ್ಲಿ ಸರಾಸರಿ ಹತ್ತು ಜನರ ಬೇಡಿಕೆ. ಹಾಗಾದರೆ ಹತ್ತು ಪರವಾನಗಿ ಸಾಕೇ? ಸಾಲದು. ಸರಾಸರಿ ಹತ್ತು ಎಂದರೆ ಒಮ್ಮೆ ಆರು, ಒಮ್ಮೆ ಹದಿನಾಲ್ಕು. ಎರ್ಲಾಂಗ್ ಸೂತ್ರದ ಪ್ರಕಾರ ಹತ್ತು ಪರವಾನಗಿ ಇದ್ದರೆ ಕೇಳಿ ಬಂದ 100 ಜನರಲ್ಲಿ ಸುಮಾರು 21 ಜನ ಬರಿಗೈಲಿ ಮರಳುತ್ತಾರೆ. ಹನ್ನೆರಡು ಇದ್ದರೆ 12 ಜನ. ಹದಿನಾರು ಇದ್ದರೆ ಇಬ್ಬರು ಮಾತ್ರ. ಇಪ್ಪತ್ತು ಇದ್ದರೆ 1,000ಕ್ಕೆ ಇಬ್ಬರು. ಅಂದರೆ ಅರವತ್ತು ಜನರಿಗೆ ಅರವತ್ತು ಕೊಳ್ಳುವ ಅಗತ್ಯವಿಲ್ಲ.

ಗುಂಪು ಮಾಡುವುದರ ಬೆಲೆಯನ್ನೂ ಈ ಸೂತ್ರ ತಿಳಿಸುತ್ತದೆ. ಅದೇ ಹದಿನಾರನ್ನು ಎರಡು ತರಗತಿಗಳಿಗೆ ಎಂಟೆಂಟರಂತೆ ಪಾಲು ಮಾಡಿ, ಬೇಡಿಕೆಯೂ ಅರ್ಧರ್ಧವಾಯಿತು ಎನ್ನಿ. ನ್ಯಾಯವಾಗಿಯೇ ಹಂಚಿದಂತೆ ಕಾಣುತ್ತದೆ. ಆದರೆ ಈಗ ಎರಡೂ ಕಡೆ 100ಕ್ಕೆ 7 ಜನ ನಿರಾಶರಾಗುತ್ತಾರೆ! ಒಟ್ಟಿಗಿದ್ದಾಗ ಇಬ್ಬರು, ಬೇರೆಯಾದಾಗ ಏಳು. ಒಂದು ತರಗತಿಯಲ್ಲಿ ಖಾಲಿ ಬಿದ್ದದ್ದು ಇನ್ನೊಂದಕ್ಕೆ ಸಿಗದು, ಅಷ್ಟೇ ಕಾರಣ. ಅಣ್ಣತಮ್ಮಂದಿರು ಬೇರೆಯಾಗಿ ಬಾವಿಯ ನಡುವೆ ಗೋಡೆ ಕಟ್ಟಿದರೆ ನೀರು ಹೆಚ್ಚುವುದಿಲ್ಲ.

ಆದರೆ ವಿದ್ಯಾರ್ಥಿಗಳೇ, ಸೂತ್ರವನ್ನು ಕಣ್ಣು ಮುಚ್ಚಿ ಬಳಸಬೇಡಿ. ಜನ ತಮ್ಮ ತಮ್ಮ ಪಾಡಿಗೆ, ಹಿಂದೆ ಮುಂದೆ ಬರುತ್ತಾರೆ ಎಂಬ ಊಹೆಯ ಮೇಲೆ ಅದು ನಿಂತಿದೆ. ಪ್ರಾಯೋಗಿಕ ತರಗತಿಯಲ್ಲಿ ಗಂಟೆ ಬಾರಿಸಿದ ಕೂಡಲೇ ಮೂವತ್ತು ಜನ ಒಟ್ಟಿಗೆ ಕೂಡುತ್ತಾರೆ. ಅದು ಖಾನಾವಳಿಯಲ್ಲ, ಲಗ್ನದ ಪಂಕ್ತಿ. ಅಲ್ಲಿ ಮೂವತ್ತು ಜನರಿಗೆ ಮೂವತ್ತು ತಾಟೇ ಬೇಕು, ಇಲ್ಲವೇ ಎರಡು ಪಂಕ್ತಿ ಮಾಡಬೇಕು. ಯಾವ ಸೂತ್ರ ಎಲ್ಲಿ ಹೊಂದುತ್ತದೆ ಎಂದು ತಿಳಿಯುವುದೂ ವಿಜ್ಞಾನವೇ.

ನಾಲ್ಕು ಸಾಲಿನ ಮದ್ದು

ಮೇಲ್ವಿಚಾರಕರು ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಹುಡುಗಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಮೂರನೆಯ ದಿನ ಆ ಚಿಕ್ಕ ಕಡತ ತಿದ್ದಿದರು. ಅಧ್ಯಾಪಕರಿಗೆ ಕಾಯ್ದಿರಿಸಿದ್ದ ನಾಲ್ಕನ್ನು ತೆಗೆದು, ಅದರ ಬದಲು ‘ಅಧ್ಯಾಪಕರು ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ’ ಎಂಬ ಮಿತಿ ಹಾಕಿದರು. ಕಾಯ್ದಿರಿಸುವುದಕ್ಕೂ ಮಿತಿ ಹಾಕುವುದಕ್ಕೂ ಎಷ್ಟು ಅಂತರ ನೋಡಿ: ಮೊದಲನೆಯದು ಬಳಸದಿದ್ದರೂ ಹಿಡಿದಿಡುತ್ತದೆ, ಎರಡನೆಯದು ಬಳಸದಾಗ ಬಿಟ್ಟುಕೊಡುತ್ತದೆ. ಅರ್ಧ ಗಂಟೆ ಕೆಲಸವಿಲ್ಲದೆ ಇದ್ದರೆ ಪರವಾನಗಿ ಹಿಂದಕ್ಕೆ ಬರುವಂತೆ ಮಾಡಿದರು. ಕೆಳಗಿನ ತರಗತಿಯವರಿಗೂ ಒಂದು ಮಿತಿ ಹಾಕಿದರು. ಎಲ್ಲ ತಂತ್ರಾಂಶಗಳೂ ಈ ಸಮಯದ ಕಟ್ಟಳೆಗೆ ಒಗ್ಗುವುದಿಲ್ಲ. ಅದೃಷ್ಟಕ್ಕೆ ಇದು ಒಗ್ಗಿತು.

ಗೋಡೆಗೆ ಒಂದು ಕಾಗದವನ್ನೂ ಅಂಟಿಸಿದರು: ‘ಏಳುವ ಮುನ್ನ ಕೆಲಸ ಉಳಿಸಿ, ತಂತ್ರಾಂಶ ಮುಚ್ಚಿ.’ ಹುಡುಗಿಗೆ ಅಂದೇ ಮಧ್ಯಾಹ್ನ ಜಾಗ ಸಿಕ್ಕಿತು. ಉಳಿದ ಎಂಟು ದಿನಗಳಲ್ಲಿ ಆಗಾಗ ಕಾಯಬೇಕಾಯಿತು, ಆದರೆ ದಿನವಿಡೀ ಅಲ್ಲ. ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ ಕೊಟ್ಟಳು. ಕಾಲೇಜಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮುನ್ನೂರು ರೂಪಾಯಿಯ ಪ್ರಶ್ನೆ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಹಾಕಿಸಲೇ ಎಂದು ಕೇಳಿದಾಗ ನಾನೇಕೆ ತಡವರಿಸಿದೆ?

ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಗೆ ಹತ್ತು ಕಂಪ್ಯೂಟರ್ ಬಂದಿದ್ದವು. ಒಂದೇ ಸಿಡಿಯಿಂದ ಒಂದು ತಂತ್ರಾಂಶವನ್ನು ಹತ್ತಕ್ಕೂ ಹಾಕಿದೆ. ಶಾಲೆಗೆ ಹಣ ಉಳಿಸಿದೆನೆಂದು ಹೆಮ್ಮೆಯಿಂದಲೇ ಇದ್ದೆ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಪರೀಕ್ಷಾದಾಗ ನಕಲ ಮಾಡಬ್ಯಾಡ್ರಿ ಅಂತೀರಿ. ಹತ್ತು ಕಂಪ್ಯೂಟರಿಗೆ ಒಂದ ಸಿಡಿ ಹಾಕೂದು ನಕಲ ಅಲ್ಲೇನ್ರಿ?” ತರಗತಿ ನಕ್ಕಿತು. ಹುಡುಗ ನಗಲಿಲ್ಲ. ನಿಜವಾಗಿಯೇ ಕೇಳಿದ್ದ. ಶಾಲೆಗೆ ಬಡತನವಿದೆ ಎಂದೇನೋ ಹೇಳಿ ಕೂಡಿಸಿದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಇಂದಿಗೂ ಆಗಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇರಿಸಿದೆ. 1994ರ ತಿದ್ದುಪಡಿಯಲ್ಲಿ ಸೇರಿದ 63-ಬಿ ಕಲಮಿನಂತೆ, ಅಕ್ರಮ ಪ್ರತಿ ಎಂದು ತಿಳಿದೂ ಬಳಸಿದವರಿಗೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದರೆ, ನ್ಯಾಯಾಲಯ ಕಾರಣ ದಾಖಲಿಸಿ ಸೆರೆವಾಸ ಬಿಟ್ಟು 50,000 ರೂಪಾಯಿವರೆಗಿನ ದಂಡವನ್ನಷ್ಟೇ ಹಾಕಬಹುದು. ಹಾಗೆಯೇ ನ್ಯಾಯವಾಗಿ ಕೊಂಡವರು ನಷ್ಟವಾದೀತೆಂಬ ಮುಂಜಾಗ್ರತೆಗೆ ಒಂದು ಕಾಯ್ದಿಟ್ಟ ಪ್ರತಿ ಮಾಡಿಕೊಳ್ಳಲು ಇದೇ ಕಾಯ್ದೆ ಅವಕಾಶ ಕೊಟ್ಟಿದೆ.

ಕಾನೂನಿನ ಭಯಕ್ಕಿಂತ ದೊಡ್ಡದು ಇನ್ನೊಂದಿದೆ. ಲಾಕ್ ಮುರಿದ ಪ್ರತಿಯೊಳಗೆ ಮುರಿದವರು ಇನ್ನೇನು ಸೇರಿಸಿದ್ದಾರೆಂದು ಯಾರು ಬಲ್ಲರು? ಅದನ್ನು ಹಾಕುವಾಗ ‘ಮೊದಲು ವೈರಸ್ ತಡೆಯುವ ತಂತ್ರಾಂಶ ನಿಲ್ಲಿಸಿ’ ಎಂಬ ಸೂಚನೆ ಬರುವುದು ಸಾಮಾನ್ಯ. ಅಪ್ಪ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತಾರೆ. ಕಾವಲುಗಾರನನ್ನು ಮನೆಗೆ ಕಳಿಸಿ ಅಪರಿಚಿತನಿಗೆ ಕೀಲಿಕೈ ಕೊಟ್ಟ ಹಾಗಲ್ಲವೇ?

ಇಷ್ಟನ್ನು ಹೇಳಿ, ನಾನು ಮಾಡಿದ್ದ ತಪ್ಪನ್ನೂ ಆ ತಂದೆಗೆ ಹೇಳಿದೆ. ಅವರು ಮುನ್ನೂರು ರೂಪಾಯಿಯ ಮಾತನ್ನು ಮತ್ತೆ ಎತ್ತಲಿಲ್ಲ.

ನೇರ ದಾರಿಗಳೂ ಇವೆ

ಬೇಡ ಎಂದರಷ್ಟೇ ಸಾಲದು, ಬೇರೆ ದಾರಿ ತೋರಿಸಬೇಕು. ದಾರಿಗಳು ಇವೆ.

ಕರ್ನಾಟಕದಲ್ಲಿ 2011ರಿಂದ ಡಿ.ಎಸ್.ಇ.ಆರ್.ಟಿ.ಯು ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಕೂಡಿ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ನಡೆಸಿತು. ಅದರಲ್ಲಿ ಬಳಸಿದ್ದು ಉಬುಂಟು ಎಂಬ ಮುಕ್ತ ತಂತ್ರಾಂಶ. ಜ್ಯಾಮಿತಿಗೆ ಜಿಯೋಜಿಬ್ರಾ. ಮುಕ್ತ ತಂತ್ರಾಂಶವೆಂದರೆ ಲೈಸೆನ್ಸ್ ಇಲ್ಲದ್ದು ಎಂದಲ್ಲ. ಅದಕ್ಕೂ ಲೈಸೆನ್ಸ್ ಇದೆ. ಆದರೆ ‘ಬಳಸಿ, ಕಲಿಯಿರಿ, ನೆರೆಯವರಿಗೂ ಕೊಡಿ’ ಎಂದು ಆ ಲೈಸೆನ್ಸೇ ಹೇಳುತ್ತದೆ. ಹತ್ತಕ್ಕೆ ಹಾಕಿದರೂ ಸರಿ, ನೂರಕ್ಕೆ ಹಾಕಿದರೂ ಸರಿ, ತಾಟು ಎಣಿಸುವ ಯಜಮಾನನೇ ಬೇಕಿಲ್ಲ. ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನನಗೆ ತಡವಾಗಿ ಸಿಕ್ಕಿತು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಗಣಿತದ ಲೆಕ್ಕಕ್ಕೆ ಸೈಲ್ಯಾಬ್ ಮತ್ತು ಆಕ್ಟೇವ್, ನಕ್ಷೆ ಬಿಡಿಸಲು ಫ್ರೀಕ್ಯಾಡ್ ಹೀಗೆಯೇ ದೊರೆಯುತ್ತವೆ. ಇಂಥವುಗಳನ್ನು ಕಾಲೇಜುಗಳಿಗೆ ಕಲಿಸಲೆಂದೇ ಮುಂಬಯಿಯ ಐಐಟಿಯಲ್ಲಿ ಫಾಸ್ಸಿ ಎಂಬ ಯೋಜನೆ ನಡೆದಿದೆ.

ಎರಡನೆಯ ದಾರಿ, ಕಂಪನಿಗಳೇ ವಿದ್ಯಾರ್ಥಿಗಳಿಗೆ ಕೊಡುವ ಪರವಾನಗಿ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ ಅರ್ಹ ವಿದ್ಯಾರ್ಥಿಗಳಿಗೆ ಒಂದು ವರ್ಷದ ಅವಧಿಗೆ ಉಚಿತವಾಗಿ ಬಳಸಲು ಕೊಡುತ್ತದೆ, ಅರ್ಹತೆ ಇರುವವರೆಗೆ ನವೀಕರಿಸಬಹುದು. ಕಲಿಕೆಗೆ ಮಾತ್ರ, ಗಳಿಕೆಗಲ್ಲ ಎಂಬುದು ಕರಾರು. ಇದೇ ಕಂಪನಿ 2020ರ ಆಗಸ್ಟಿನಿಂದ ಹಂಚಿಕೆಯ ಚಂದಾ ಕೈಬಿಟ್ಟು, ವ್ಯಕ್ತಿಯ ಹೆಸರಿನ ಚಂದಾದ ಕಡೆಗೆ ಹೊರಳಿತು. ಹಳೆಯ ಒಂದು ಹಂಚಿಕೆಯ ಚಂದಾಕ್ಕೆ ಬದಲಾಗಿ ಹೆಸರಿನ ಎರಡು ಚಂದಾ ಕೊಟ್ಟಿತು. ಇಬ್ಬರಿಗಿಂತ ಹೆಚ್ಚು ಜನ ಹಂಚಿಕೊಳ್ಳುತ್ತಿದ್ದ ಕಚೇರಿಗಳಿಗೆ ಅದು ನಷ್ಟ. ತಾಟು ಹೋಗಿ ಮೆಂಬರ್‌ಶಿಪ್ ಬರುವ ಕಾಲವಿದು. ಕರಾರು ಬದಲಾಗುತ್ತಿರುತ್ತದೆ, ಆಗಾಗ ಓದಬೇಕು.

ಮೂರನೆಯದು ಬಹಳ ದೊಡ್ಡ ಊರೂಟ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಲ್ಲಿ ಹಂಚಿಕೆಯಾಗುವುದು ತಂತ್ರಾಂಶವಲ್ಲ, ಸಂಶೋಧನಾ ಪತ್ರಿಕೆಗಳು. ಆದರೆ ಲೆಕ್ಕ ಅದೇ. ಕೇಂದ್ರ, ರಾಜ್ಯ ಸರಕಾರಗಳ ಆಡಳಿತದ ವಿದ್ಯಾಸಂಸ್ಥೆಗಳೂ ಕೇಂದ್ರದ ಸಂಶೋಧನಾ ಸಂಸ್ಥೆಗಳೂ ಸೇರಿ ಸುಮಾರು 6,300 ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಭಾಗಿಸಿ ನೋಡಿ, ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಉಸ್ತುವಾರಿ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಇಂಥ ಸರಕಾರಿ ಸಂಸ್ಥೆಗಳ ಸಾಲಿನವು. ಇವುಗಳಲ್ಲಿ ಮಕ್ಕಳಿರುವ ತಂದೆತಾಯಿಗಳೇ, ನಿಮ್ಮ ಮಕ್ಕಳು ಇದನ್ನು ಬಳಸುತ್ತಿದ್ದಾರೆಯೇ ಎಂದು ಇಂದೇ ಕೇಳಿ. ಪಂಕ್ತಿ ಹಾಕಿದ್ದಾರೆ, ಕೂಡುವವರು ಬೇಕು.

ಹೀಗೆ ಮಾಡಿ

ವಿದ್ಯಾರ್ಥಿಗಳಿಗೆ: ಲ್ಯಾಬಿನಿಂದ ಏಳುವಾಗ ಕೆಲಸ ಉಳಿಸಿ, ತಂತ್ರಾಂಶ ಮುಚ್ಚಿರಿ. ಪರದೆ ಆರಿಸಿದರೆ ಪರವಾನಗಿ ಮರಳುವುದಿಲ್ಲ. ನಿಮ್ಮ ಹೆಸರಿನ ಗುಪ್ತಪದವನ್ನು ಗೆಳೆಯರಿಗೆ ಕೊಡಬೇಡಿ. ಪ್ರಾಜೆಕ್ಟಿನ ಕಡೆಯ ವಾರವೇ ಎಲ್ಲರೂ ಬರುತ್ತಾರೆ, ನೀವು ಒಂದು ತಿಂಗಳು ಮೊದಲೇ ಬನ್ನಿ.

ತಂದೆತಾಯಿಗಳಿಗೆ: ಪ್ರವೇಶದ ಹೊತ್ತಿಗೆ ಕಾಲೇಜಿನಲ್ಲಿ ಕಂಪ್ಯೂಟರ್ ಎಷ್ಟು ಎಂದು ಕೇಳುತ್ತೀರಿ. ಜೊತೆಗೆ, ಮುಖ್ಯ ತಂತ್ರಾಂಶಗಳ ಪರವಾನಗಿ ಎಷ್ಟು, ಒಂದಕ್ಕೆ ಎಷ್ಟು ವಿದ್ಯಾರ್ಥಿಗಳು, ಲ್ಯಾಬು ಸಂಜೆ ಎಷ್ಟರವರೆಗೆ ತೆರೆದಿರುತ್ತದೆ ಎಂದೂ ಕೇಳಿ. ನಲವತ್ತು ಯಂತ್ರ, ಹತ್ತು ಪರವಾನಗಿ ಇದ್ದರೆ ನಿಜವಾಗಿ ಇರುವುದು ಹತ್ತೇ ಯಂತ್ರ.

ಕಾಲೇಜಿನವರಿಗೆ: ಹೊಸದನ್ನು ಕೊಳ್ಳುವ ಮುನ್ನ ಎರಡು ವಾರದ ಸರ್ವರ್ ದಫ್ತರ ಓದಿರಿ. ಎಷ್ಟು ಜನ ಬರಿಗೈಲಿ ಮರಳಿದರು, ಎಷ್ಟು ಪರವಾನಗಿ ಸುಮ್ಮನೆ ಕೂತಿದ್ದವು ಎಂಬುದು ಅಲ್ಲೇ ಇರುತ್ತದೆ. ಕಾಯ್ದಿರಿಸುವ ಬದಲು ಮಿತಿ ಹಾಕಿರಿ. ವರ್ಷಕ್ಕೊಮ್ಮೆಯಾದರೂ ಗುಂಪುಗಳ ಪಟ್ಟಿ ತಿದ್ದಿರಿ. ಬಿಟ್ಟುಹೋದವರ ಹೆಸರಿನಲ್ಲಿ ತಾಟು ಇಡುವುದು ಪಕ್ಷಮಾಸದಲ್ಲಿ ಮಾತ್ರ ಸರಿ.

ಆ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ಬಂದಾಗ ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ಅವರು ಕಡಲೆಯ ಚೀಲ ಇಳಿಸಿ ಕೂಡುತ್ತ ಕೇಳಿದರು, “ಗುರುಗಳ, ಆ ಲ್ಯಾಬಿನ್ಯಾಗ ಈಗ ತಾಟು ಖಾಲಿ ಇಡತಾರೋ, ಊಟಕ್ಕ ಹಚ್ಚತಾರೋ?”

ಗೊತ್ತಿಲ್ಲ, ಹೋಗಿ ನೋಡಬೇಕು ಎಂದೆ. ಮರುವಾರ ಹೋದೆ. ಗೋಡೆಯ ಕಾಗದ ಹರಿದಿತ್ತು. ಮೇಲ್ವಿಚಾರಕರು ಹೊಸ ಕಾಗದ ಬರೆಯುತ್ತ ಕೂತಿದ್ದರು.